ದೊಡ್ಡಮ್ಮನ ಬಚ್ಚಲಲ್ಲಿ ಬೆಳೆದ ಕೊಂಬು

ಆವತಿಯ ಪಕ್ಕದ ನಮ್ಮೂರಿನಲ್ಲಿ, ದೊಡ್ಡಪ್ಪನ ಮನೆಯ ಹಿತ್ತಿಲ ಬಾವಿಯ ಒಳಗೋಡೆಗೆ, ನೀರಿಗಿಂತ ಒಂದಾಳು ಮೇಲೆ, ಹಸಿರು ಕೊಂಬುಗಳಿದ್ದವು. ಸೂಜಿಗಿಂತ ತುಸು ದಪ್ಪ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ನೂರಾರು. ಆರೋ ಎಂಟೋ ವರ್ಷದವನಿದ್ದಾಗ ನಾನು ಬಾವಿಯ ಮೆಟ್ಟಿಲ ಮೇಲೆ ಬೋರಲು ಮಲಗಿ ಅವನ್ನು ಒಂದೊಂದಾಗಿ ಕೀಳುತ್ತಿದ್ದೆ. ಕಿತ್ತಾಗ ಬುಡದಲ್ಲಿ ‘ಟಿಕ್’ ಎಂದು ಸಣ್ಣ ಸದ್ದಾಗುತ್ತಿತ್ತು.

ಇಷ್ಟನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಬರೆಯಲು ಕೂತಾಗ ಒಂದೊಂದೇ ಜಾರುತ್ತಿದೆ. ಆ ಸದ್ದನ್ನು ಖಂಡಿತ ನಾನು ಆಮೇಲೆ ಸೇರಿಸಿದ್ದು. ಅಷ್ಟು ಮೆತ್ತನೆಯ ಗಿಡ ಸದ್ದು ಮಾಡುವುದಿಲ್ಲ. ಬಿ.ಎಸ್ಸಿ. ಓದುವಾಗ ಪಠ್ಯಪುಸ್ತಕದಲ್ಲಿ ಕೊಂಬುಪಾಚಿಯ ಚಿತ್ರ ನೋಡಿದ ಕೂಡಲೇ ‘ಅರೆ, ಇದು ನಮ್ಮ ಬಾವಿಯದು’ ಅನ್ನಿಸಿತ್ತು. ಬಾವಿಯ ನೆನಪು ಚಿತ್ರಕ್ಕಿಂತ ಹಿಂದಿನದೋ, ಚಿತ್ರ ನೋಡಿದ ಮೇಲೆ ಹುಟ್ಟಿ ಹಿಂದಕ್ಕೆ ಓಡಿಹೋಗಿ ಬಾವಿಗೆ ಅಂಟಿಕೊಂಡದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಅರವತ್ತರ ದಶಕದ ಕೊನೆಯಲ್ಲಿ ನನ್ನ ಅನ್ನ ನಿಂತದ್ದು ಇದೇ ನೆನಪಿನ ಮೇಲೆ.

ಆಗ ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಲೆಕ್ಚರರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಟೆಂಡರಿಗಿಂತ ಅರ್ಧ ಮೆಟ್ಟಿಲು ಮೇಲೆ. ಸೂಕ್ಷ್ಮದರ್ಶಕದ ಕನ್ನಡಿಯನ್ನು ಬೆಳಕಿಗೆ ತಿರುಗಿಸಿಕೊಡುವುದು, ಗಾಳಿಗುಳ್ಳೆಯನ್ನು ಜೀವಕೋಶವೆಂದು ತಿಳಿದು ಚಿತ್ರ ಬರೆದವನನ್ನು ತಿದ್ದುವುದು, ಬ್ಲೇಡಿನಿಂದ ಬೆರಳು ಕೊಯ್ದುಕೊಂಡವನಿಗೆ ಟಿಂಚರ್ ಹಚ್ಚುವುದು ನನ್ನ ಪಾಲಿನ ವಿಜ್ಞಾನ. ಕೆಲಸ ಹಂಗಾಮಿ. ದಸರೆ ರಜೆಯವರೆಗೆ ಇರಿ, ಆಮೇಲೆ ನೋಡೋಣ ಎಂದಿದ್ದರು. ಊರಿನಲ್ಲಿ ಮಾತ್ರ ನಾನು ‘ಕಾಲೇಜು ಮೇಷ್ಟ್ರು’. ದಸರೆಯ ಗಡುವನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ದಿನ ವಿಭಾಗದ ಪ್ರೊಫೆಸರು ಬೀರುವಿನಿಂದ ಒಂದು ಫಾರ್ಮಾಲಿನ್ ಸೀಸೆ ತೆಗೆದು ಬೆಳಕಿಗೆ ಹಿಡಿದರು.

“ಇದೇನ್ರೀ ಇದು, ಕಾಫಿ ಗಸಿ ಇದ್ದ ಹಾಗಿದೆ?”

“ಆಂಥೋಸೆರಾಸ್ ಸಾರ್. ಕೊಂಬುಪಾಚಿ.”

“ಕೊಂಬೆಲ್ಲಿ?”

“ಕರಗಿಹೋಗಿದೆ ಸಾರ್.”

“ಹೋದ ಸಲ ಬಂದಿದ್ದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಇದನ್ನ ನೋಡಿ, ನಿಮ್ಮ ಹುಡುಗರು ಕಣ್ಣು ಮುಚ್ಕೊಂಡು ಚಿತ್ರ ಬರೀತಾರಾ ಅಂತ ಕೇಳಿ ಹೋದರು. ಈ ಸಲ ಪೂರಕ ಪರೀಕ್ಷೆಗೂ ಅವರೇ ಬರೋದು.”

ಅಲ್ಲಿ ನಾನು ಸುಮ್ಮನಿರಬೇಕಿತ್ತು. “ನಮ್ಮೂರ ಬಾವೀಲೇ ಇದೆ ಸಾರ್, ಬೇಕಾದಷ್ಟು,” ಎಂದುಬಿಟ್ಟೆ.

“ನಿಮ್ಮೂರು ಯಾವುದು?”

“ದೇವನಹಳ್ಳಿ ಹತ್ತಿರ ಸಾರ್.”

ಪ್ರೊಫೆಸರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ರಾಗಿ ಬೆಳೆಯೋ ಬಯಲಲ್ಲಿ ಆಂಥೋಸೆರಾಸ್? ಅದು ಬೆಟ್ಟದ ಗಿಡ ಕಣ್ರೀ. ತಂಪು ಬೇಕು, ಮಂಜು ಬೇಕು. ನೀವು ನೋಡಿದ್ದು ಯಾವುದೋ ಮಾಮೂಲಿ ಪಾಚಿ.”

“ಕೊಂಬು ಕಿತ್ತಿದ್ದೀನಿ ಸಾರ್, ಚಿಕ್ಕವನಿದ್ದಾಗ.”

“ಹಾಗಾದರೆ ತನ್ನಿ. ಗಿಡ ಜೀವಂತ ಇರಬೇಕು, ಕೊಂಬು ತುದಿಯಲ್ಲಿ ಬಿರಿದಿರಬೇಕು. ತಂದರೆ ನಿಮ್ಮ ವಿಷಯ ಪ್ರಿನ್ಸಿಪಾಲರ ಹತ್ತಿರ ನಾನೇ ಮಾತಾಡ್ತೀನಿ. ತರದಿದ್ದರೆ ನಾನು ಮಾತಾಡೋಕೆ ಏನೂ ಇರಲ್ಲ, ಅಲ್ವಾ?”

ಆ ಭಾನುವಾರವೇ ಬಸ್ಸು ಹತ್ತಿದೆ. ಆಷಾಢದ ಗಾಳಿ, ತುಂತುರು. ಚಪ್ಪಲಿ ಬಿಟ್ಟು ನೇರ ಬಾವಿಗೆ ಇಳಿದೆ. ನಾನು ಬೋರಲು ಮಲಗುತ್ತಿದ್ದ ಮೆಟ್ಟಿಲು ಇತ್ತು, ಎದುರಿನ ಗೋಡೆಯೂ ಇತ್ತು. ಕೊಂಬಿರಲಿಲ್ಲ. ಗೋಡೆಯ ಕಲ್ಲು ಒಣಗಿ ಬೆಳ್ಳಗಾಗಿತ್ತು. ಒಂದು ಪಾರಿವಾಳ ಸಂದಿಯಲ್ಲಿ ಕೂತು ನನ್ನನ್ನು ವಿಚಾರಿಸಿಕೊಳ್ಳುತ್ತಿತ್ತು. ಮಂಡಿಯೂರಿ ಒಂದೊಂದೇ ಕಲ್ಲನ್ನು ಸವರುತ್ತಿದ್ದಾಗ ಮೇಲಿನಿಂದ ದೊಡ್ಡಮ್ಮನ ದನಿ ಬಂತು. ನನ್ನನ್ನು ಸಾಕಿದವಳು ಆಕೆಯೇ. ಅವಳಿಗೆ ಬೇರೆ ಮಕ್ಕಳಿರಲಿಲ್ಲ.

“ಏನ್ಲಾ ಹುಡುಕ್ತಿದ್ದೀಯ?”

“ಕೊಂಬು, ದೊಡ್ಡಮ್ಮ.”

“ಯಾವಾಗ ಬಂದಿದ್ವು ನಿನಗೆ?”

ಮೇಲೆ ಹತ್ತಿ ಬಂದು ವಿವರಿಸಿದೆ. ಅವಳು ಕೊಡ ಇಳಿಸಿ ಕೇಳಿಸಿಕೊಂಡಳು. ಮೆಟ್ಟಿಲ ಮೇಲೆ ಮಲಗುತ್ತಿದ್ದ ಭಾಗ ಬಂದಾಗ ತಡೆದಳು.

“ಸುಳ್ಳು. ನಿನ್ನ ಬಾವಿ ಮೆಟ್ಲಿಗೆ ಯಾರ್ಲಾ ಬಿಡ್ತಿದ್ರು? ಬೋರಲು ಮಲಗಿದ್ನಂತೆ. ಮಲಗಿದ್ರೆ ಕಾಲು ಮುರೀತಿದ್ದೆ.”

“ಹಾಗಾದ್ರೆ ನಾನು ಕಿತ್ತದ್ದು ಎಲ್ಲಿ?”

“ಕೀಳ್ತಿದ್ದೆ ನಿಜ. ಬಾಯಿಗೂ ಹಾಕ್ಕತಿದ್ದೆ. ಬಾ ಇಲ್ಲಿ.”

ಬಾವಿಕಟ್ಟೆಯ ಪಕ್ಕದಲ್ಲಿ ಪಾತ್ರೆ ತೊಳೆಯುವ ಚಪ್ಪಡಿ. ಅದರ ಬಚ್ಚಲ ನೀರು ಬಾಳೆಯ ಬುಡಕ್ಕೆ ಹರಿದುಹೋಗುವ ಸಣ್ಣ ಕಾಲುವೆ. ಅದರ ಕೆಮ್ಮಣ್ಣಿನ ದಡಕ್ಕೆ ಕಡುಹಸಿರು ಬಿಲ್ಲೆಗಳು ಅಂಟಿಕೊಂಡಿದ್ದವು. ಯಾರೋ ವೀಳ್ಯದೆಲೆ ಜಗಿದು ಅಲ್ಲಲ್ಲಿ ಒತ್ತಿಟ್ಟ ಹಾಗೆ. ನಾನು ಜೇಬಿನ ಮಸೂರ ತೆಗೆದು ನೆಲಕ್ಕೆ ಬಿದ್ದೆ. ಬಿಲ್ಲೆಗೆ ಕಾಂಡವಿಲ್ಲ, ಎಲೆಯಿಲ್ಲ, ನಡುವೆ ನರವಿಲ್ಲ. ಅಂಚು ಮಡಿಕೆಮಡಿಕೆಯಾಗಿ ಸುರುಳಿಗೊಂಡಿದೆ. ಎತ್ತಿ ಬೆಳಕಿಗೆ ಹಿಡಿದರೆ ಮೈಯೊಳಗೆ ಅಲ್ಲಲ್ಲಿ ನೀಲಿಗಪ್ಪು ಚುಕ್ಕೆ. ಆ ಚುಕ್ಕೆಗಳನ್ನು ನಾನು ಚಿತ್ರದಲ್ಲಿ ಎಷ್ಟು ಸಲ ಬರೆದಿದ್ದೆನೋ. ಕೊಂಬು ಮಾತ್ರ ಇನ್ನೂ ಬಂದಿರಲಿಲ್ಲ.

ಹೀಗೆ ನನ್ನ ನೆನಪು ಗಿಡದ ವಿಷಯದಲ್ಲಿ ಗೆದ್ದು, ಬಾವಿಯ ವಿಷಯದಲ್ಲಿ ಸೋತಿತು. ಗೋಡೆ, ಮೆಟ್ಟಿಲು, ಸದ್ದು, ಎಲ್ಲ ಸುಳ್ಳು. ಬಚ್ಚಲು ನಿಜ.

ಅವತ್ತು ಮಧ್ಯಾಹ್ನ ಜಗಲಿಯ ಮೇಲೆ ಹುರಿದ ಕಡಲೆಕಾಯಿ ಬಿಡಿಸುತ್ತ ನಾನು ಅವರಿಬ್ಬರಿಗೂ ಪಾಠ ಮಾಡಿದೆ. ದೊಡ್ಡಪ್ಪ ಲೋಯರ್ ಸೆಕೆಂಡರಿ ಓದಿದವರು. ಊರಿನವರ ಕಾಗದಗಳನ್ನೆಲ್ಲ ಓದಿಹೇಳುವ ಅಧಿಕಾರ ಅವರದು.

“ಅದಕ್ಕೆ ಗಂಡು ಹೆಣ್ಣು ಅಂತ ಐತೇನಪ್ಪಾ, ಮೇಷ್ಟ್ರೇ?” ಎಂದು ಶುರು ಮಾಡಿದರು.

“ಐತೆ. ಒಂದೇ ಮೈಯೊಳಗೆ ಎರಡೂ. ಗಂಡು ಭಾಗ ಮೈಯೊಳಗೆ ಒಂದು ಸಣ್ಣ ಕೋಣೇಲಿ ಬಚ್ಚಿಟ್ಟುಕೊಂಡಿರುತ್ತೆ. ಮಳೆ ಬಂದಾಗ ಕೋಣೆಯ ಸೂರು ಬಿರಿಯುತ್ತೆ. ಒಳಗಿಂದ ಬಂದದ್ದು ನೀರಲ್ಲಿ ಈಜಿಕೊಂಡು ಹೆಣ್ಣು ಭಾಗಕ್ಕೆ ಹೋಗುತ್ತೆ.”

“ಒಂದೇ ಮೈಯಾಗೆ ಗಂಡ ಹೆಂಡ್ತಿ,” ಎಂದಳು ದೊಡ್ಡಮ್ಮ. “ಹಂಗಾರೆ ಜಗಳ ಯಾರ ಜೊತೆ ಆಡ್ತದೆ?”

“ನಿಂಗೆ ಅದೊಂದೇ ಚಿಂತೆ,” ಎಂದರು ದೊಡ್ಡಪ್ಪ. “ಆಮೇಲೆ?”

“ಆಮೇಲೆ ಮಗು ತಾಯಿ ಮೈಯೊಳಗೇ ಬೇರುಬಿಟ್ಟ ಹಾಗೆ ಪಾದ ಊರಿಕೊಂಡು, ತಾಯಿಯ ತಲೆಯ ಮೇಲೆ ಎದ್ದು ನಿಲ್ಲುತ್ತೆ. ಅದೇ ಕೊಂಬು. ಅದೂ ಹಸಿರು. ತನ್ನ ಅಡುಗೆ ಸುಮಾರಾಗಿ ತಾನೇ ಮಾಡಿಕೊಳ್ಳುತ್ತೆ. ನೀರು ಮಾತ್ರ ತಾಯಿಯಿಂದ. ಸಾಯೋವರೆಗೂ ತಾಯಿಯನ್ನ ಬಿಟ್ಟು ಹೋಗಲ್ಲ.”

“ಬೇಯಿಸ್ಕಂಡು ತಿನ್ನಾಕೆ ಬಂದ್ರೂ ಬೇರೆ ಹೋಗಾಕಿಲ್ಲ,” ದೊಡ್ಡಮ್ಮ ನನ್ನ ಕಡೆ ನೋಡಿದಳು. “ನಮ್ಮನೇದೊಂದು ಬೇರೆ ಹೋಗೈತೆ, ಬೇಯಿಸ್ಕಳಾಕೆ ಬರಾಕಿಲ್ಲ.”

ನಾನು ಬೆಂಗಳೂರಿನ ವಠಾರವೊಂದರಲ್ಲಿ ಒಂದು ರೂಮು ಹಿಡಿದು ಹೋಟೆಲಿನಲ್ಲಿ ಊಟ ಮಾಡುತ್ತಿದ್ದ ಕಾಲ ಅದು. ಮಾತು ಬೇರೆ ಕಡೆ ತಿರುಗಿಸಲು ನೀಲಿ ಚುಕ್ಕೆಗಳ ವಿಷಯ ಹೇಳಿದೆ. ಅವು ಗಿಡದ ಭಾಗವಲ್ಲ, ಬೇರೆಯದೇ ಒಂದು ಜೀವ. ಗಿಡದ ಹೊಟ್ಟೆಯಲ್ಲಿ ಲೋಳೆ ತುಂಬಿದ ಸಣ್ಣ ಗೂಡುಗಳಿರುತ್ತವೆ, ಅವುಗಳಲ್ಲಿ ವಾಸಕ್ಕೆ ಬಂದು, ಗಾಳಿಯಿಂದ ಗೊಬ್ಬರ ಮಾಡಿಕೊಡುತ್ತವೆ ಎಂದೆ.

“ಬಾಡಿಗೆ ಕೊಡೋ ನೆಂಟ್ರು,” ಎಂದು ದೊಡ್ಡಮ್ಮ ತಲೆದೂಗಿದಳು. ಆ ಗಿಡದ ಬಗ್ಗೆ ಅವಳಿಗೆ ಮೊದಲ ಸಲ ಗೌರವ ಹುಟ್ಟಿದ್ದು ಆಗಲೇ.

ನಾನು ಹೇಳಿದ ಕೊನೆಯ ಸಂಗತಿ ಮಾತ್ರ ಅವರಿಬ್ಬರೂ ನಂಬಲಿಲ್ಲ. ಎಲ್ಲ ಗಿಡವೂ ತುದಿಯಲ್ಲಿ ಚಿಗುರುತ್ತದೆ; ಈ ಕೊಂಬು ಬುಡದಲ್ಲಿ ಬೆಳೆಯುತ್ತದೆ. ಬುಡ ಎಳಸಾಗಿ ಹೊಸದನ್ನು ಹುಟ್ಟಿಸುತ್ತ ಮೇಲಕ್ಕೆ ತಳ್ಳುತ್ತಿರುತ್ತದೆ, ತುದಿ ಮಾಗಿ ಎರಡಾಗಿ ಸೀಳಿ ಧೂಳಿನಂಥ ಬೀಜಕಣ ಉದುರಿಸುತ್ತಿರುತ್ತದೆ. ಒಂದೇ ಕೊಂಬಿನಲ್ಲಿ ತೊಟ್ಟಿಲೂ ಸುಡುಗಾಡೂ.

“ಬುಡದಾಗೆ ಬೆಳೆಯೋದು ಎಮ್ಮೆ ಕೊಂಬು,” ಎಂದರು ದೊಡ್ಡಪ್ಪ. “ಗಿಡ ಅಲ್ಲ. ನಿಮ್ಮ ಪುಸ್ತಕ ಬರೆದೋನು ಎಮ್ಮೆ ಸಾಕಿದ್ದ ಅಂತ ಕಾಣ್ತದೆ.”

ಕೊನೆಗೆ ಅಸಲು ವಿಷಯಕ್ಕೆ ಬಂದೆ. ಗೌರಿಹಬ್ಬದ ಬೆಳಗ್ಗೆ ನಮ್ಮ ಮನೆಯ ಹೆಂಗಸರು ಬಾವಿಕಟ್ಟೆಯಲ್ಲಿ ಗಂಗೆಪೂಜೆ ಮಾಡಿ ಕಳಸದಲ್ಲಿ ನೀರು ತರುತ್ತಾರೆ. ಅದಕ್ಕೆ ಮುಂಚೆ ಕಟ್ಟೆ, ಚಪ್ಪಡಿ, ಕಾಲುವೆ ಎಲ್ಲವನ್ನೂ ದೊಡ್ಡಮ್ಮ ಬೂದಿ ಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಒಂದು ವರ್ಷ ಅಲ್ಲೇ ಜಾರಿ ಸೊಂಟ ಉಳುಕಿಸಿಕೊಂಡ ಮೇಲಂತೂ ಪಾಚಿ ಅವಳಿಗೆ ಜನ್ಮವೈರಿ. ಈ ಸಲ ಹಾಗೇ ಬಿಡು ಎಂದು ಬೇಡಿದೆ.

“ಗಂಗಮ್ಮನ್ನ ಪಾಚಿ ಮ್ಯಾಲೆ ಕೂರ್ಸಾಕಾಗ್ತದೇನ್ಲಾ?”

“ಹಬ್ಬದ ಹಿಂದಿನ ಭಾನುವಾರ ಬಂದು ಎತ್ಕೊಂಡು ಹೋಗ್ತೀನಿ. ಅಲ್ಲಿವರೆಗೆ ಬಿಡು ಸಾಕು. ನನ್ನ ಕೆಲಸ ಇದರ ಮೇಲೆ ನಿಂತಿದೆ ದೊಡ್ಡಮ್ಮ. ಇದು ಸಿಗದಿದ್ರೆ ದಸರೆಗೆ ಮನೆಗೆ ಕಳಿಸ್ತಾರೆ.”

ಗುಟ್ಟು ಬಾಯಿಂದ ಬಿದ್ದುಹೋಗಿತ್ತು. ದೊಡ್ಡಪ್ಪ ಕಡಲೆಸಿಪ್ಪೆ ಊದುವುದನ್ನು ನಿಲ್ಲಿಸಿದರು. ದೊಡ್ಡಮ್ಮ ಬಾವಿಯ ಕಡೆ ನೋಡಿ, “ಭಾನುವಾರ ಅಂದ್ರೆ ಭಾನುವಾರ. ಸೋಮವಾರ ನಾನು ಉಜ್ಜೋಳೇ,” ಎಂದಳು.

ಒಂದು ಚೂರು ಮಾತ್ರ ಒದ್ದೆ ಕಾಗದದಲ್ಲಿ ಸುತ್ತಿ ಬೆಂಗಳೂರಿಗೆ ತಂದು ಸೂಕ್ಷ್ಮದರ್ಶಕದಡಿ ಇಟ್ಟೆ. ಪ್ರತಿ ಕೋಶದಲ್ಲೂ ಒಂದೇ ಒಂದು ದೊಡ್ಡ ಹಸಿರು ಕಣ, ಕೊಂಬುಪಾಚಿಯ ಗುರುತು. ಬೇರೆ ಹಾವಸೆಗಳಲ್ಲಿ ಹತ್ತಾರು ಚಿಕ್ಕವಿರುತ್ತವೆ. ಸಂಶಯ ಪಡಲು ಏನೂ ಉಳಿದಿರಲಿಲ್ಲ. ಸಂಶಯಕ್ಕೆ ಆಹಾರ ಸಿಗದಿದ್ದರೆ ನನ್ನ ಮನಸ್ಸು ಬೇರೆಲ್ಲಾದರೂ ಮೇಯಲು ಹೋಗುತ್ತದೆ. ದನ ಬಂದು ತುಳಿದರೆ? ನೀರು ಸೇದುವವರು ಕಾಲಿಟ್ಟರೆ? ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ, ಒಂದು ಕಾಲನ್ನು ಕಟ್ಟೆಗೆ ಏರಿಸಿ, ಮೊಣಕಾಲ ಮೇಲೆ ಚೀಲವಿಟ್ಟು, ದೊಡ್ಡಪ್ಪನಿಗೆ ಒಂದು ಕಾರ್ಡು ಗೀಚಿದೆ. ‘ಬಚ್ಚಲ ಕಾಲುವೆಯ ಪಾಚಿಯ ಮೇಲೆ ಯಾರೂ ತುಳಿಯಬೇಡಿ. ಮಿಕ್ಕಂತೆ ಕ್ಷೇಮ.’

ಆರು ವಾರ ಕಳೆದು, ಒಪ್ಪಿದ ಭಾನುವಾರ, ಬಿಸ್ಕತ್ತಿನ ದೊಡ್ಡ ಡಬ್ಬ ಮತ್ತು ಹಳೆಯ ಪೇಪರು ಹಿಡಿದು ಊರಿಗೆ ಬಂದೆ. ಹಿತ್ತಿಲಿಗೆ ಕಾಲಿಡುತ್ತಲೇ ಏನೋ ಅಪರಿಚಿತ ಅನ್ನಿಸಿತು. ಪಾತ್ರೆ ತೊಳೆಯುವ ಚಪ್ಪಡಿ ಜಾಗದಲ್ಲಿರಲಿಲ್ಲ. ಬಾವಿಯ ಆಚೆ ಬದಿಗೆ ಹೋಗಿತ್ತು. ದೊಡ್ಡಮ್ಮ ಅಲ್ಲಿ ಕುಕ್ಕರಗಾಲಲ್ಲಿ ಕೂತು ತಪ್ಪಲೆ ಉಜ್ಜುತ್ತಿದ್ದಳು. ಕಾಲುವೆ ಒಣಗಿ ಬಿರುಕುಬಿಟ್ಟಿತ್ತು. ಶ್ರಾವಣದ ಮಳೆ ಬೇರೆ ಆ ವರ್ಷ ಕೈಕೊಟ್ಟಿತ್ತು.

“ಏನು ದೊಡ್ಡಮ್ಮ ಇದು?”

“ಏನು ಅಂತ ನನ್ನೇ ಕೇಳ್ತೀಯಾ? ನೀನೇ ಬರೆದಿದ್ದೀಯಲ್ಲ, ಯಾರೂ ನೀರು ತಳೀಬೇಡಿ ಅಂತ. ನಿಮ್ಮ ದೊಡ್ಡಪ್ಪ ಚಪ್ಪಡಿ ಎತ್ತಾಕೆ ನಾಲ್ಕು ಜನ ಕರೆಸಿದ್ರು. ಆರು ವಾರದಿಂದ ಬಾವಿ ಸುತ್ತಿ ನೀರು ಹೊತ್ತು ಸೊಂಟ ಹೋಯ್ತು.”

“ತಳಿಯಬೇಡಿ ಅಂತ ಎಲ್ಲಿ ಬರೆದೆ? ತುಳಿಯಬೇಡಿ ಅಂತ ಬರೆದೆ.”

ಅಷ್ಟರಲ್ಲಿ ದೊಡ್ಡಪ್ಪ ಹೊರಗೆ ಬಂದರು. ಓದುವ ಅಧಿಕಾರಕ್ಕೆ ಕುತ್ತು ಬಂದಿತ್ತಲ್ಲ. ನಡುಮನೆಯ ಕಂಬಕ್ಕೆ ತೂಗುಹಾಕಿದ್ದ ತಂತಿಯನ್ನೇ ಕಿತ್ತು ತಂದರು. ಮನೆಗೆ ಬಂದ ಕಾಗದಗಳನ್ನೆಲ್ಲ ಆ ಕೊಕ್ಕೆ ತಂತಿಗೆ ಚುಚ್ಚಿಡುವುದು ರೂಢಿ. ನನ್ನ ಕಾರ್ಡು ಮೇಲೇ ಇತ್ತು. ಮೂವರೂ ಅದರ ಮೇಲೆ ಬಗ್ಗಿದೆವು. ‘ಯಾರೂ’ ಇತ್ತು. ‘ಳಿಯಬೇಡಿ’ ಇತ್ತು. ಅವೆರಡರ ನಡುವೆ ಒಂದು ‘ತ’, ಅದರ ಬಲಗಡೆ, ಕೊಂಬು ಇರಬೇಕಾದ ಕಡೆ ಸರಿಯಾಗಿ, ತಂತಿ ಚುಚ್ಚಿದ ತೂತು.

“ನೋಡು, ತ ಐತೆ. ಕೊಂಬಿಲ್ಲ,” ಎಂದರು ದೊಡ್ಡಪ್ಪ.

“ಕೊಂಬಿತ್ತು ದೊಡ್ಡಪ್ಪ. ತಂತಿ ತಿಂದಿದೆ.”

“ತಂತಿಗೆ ಚುಚ್ಚೋಕೆ ಮುಂಚೆ ಓದಿದೋನು ನಾನು.”

“ತುಳಿಯಬೇಡಿ ಅನ್ನೋದೇ ಅಲ್ವಾ ಸಹಜ? ಪಾಚಿಗೆ ಯಾರಾದರೂ ನೀರು ಬೇಡ ಅಂತಾರಾ?”

“ಒಂದೇ ಮೈಯಾಗೆ ಗಂಡ ಹೆಂಡ್ತಿ ಅಂದೋನು ನೀನು. ಬುಡದಾಗೆ ಬೆಳೀತದೆ ಅಂದೋನು ನೀನು. ನೀರು ಬೇಡ ಅಂದ್ರೆ ಅದೂ ಇರಬೇಕು ಅಂದ್ಕಂಡೆ.”

ನಾನು ಕೊಂಬು ಹಾಕಿದ್ದೆನೇ? ಮೊಣಕಾಲ ಮೇಲಿನ ಚೀಲ ನೆನಪಿದೆ, ಪೆನ್ನು ಉಗುಳಿದ ಶಾಯಿ ನೆನಪಿದೆ, ‘ಮಿಕ್ಕಂತೆ ಕ್ಷೇಮ’ ಬರೆಯುವಾಗ ಬಸ್ಸು ಹೊರಟದ್ದು ನೆನಪಿದೆ. ಆ ಒಂದು ಸುರುಳಿಯನ್ನು ಎಳೆದದ್ದು ಮಾತ್ರ ನೆನಪಿಲ್ಲ. ಎಳೆಯದಿದ್ದದ್ದೂ ನೆನಪಿಲ್ಲ. ಕೊಂಬಿನ ಗಿಡ ಉಳಿಸಲು ಬರೆದ ಕಾಗದದಲ್ಲಿ ಕೊಂಬನ್ನೇ ಬಿಟ್ಟಿದ್ದರೆ ನನ್ನಂಥ ಪಂಡಿತ ಇನ್ನೊಬ್ಬನಿಲ್ಲ.

ಕಾಲುವೆಯ ದಡಕ್ಕೆ ಹೋಗಿ ಕೂತೆ. ಬಿಲ್ಲೆಗಳು ಸೀದ ಹಪ್ಪಳದಂತೆ ಮುರುಟಿದ್ದವು. ಅವುಗಳ ಮೇಲೆ, ಆಶ್ಚರ್ಯವೆಂದರೆ, ಕೊಂಬುಗಳಿದ್ದವು. ಎಲ್ಲವೂ ಕಂದಾಗಿ, ತುದಿಯಿಂದ ಬುಡದವರೆಗೆ ಎರಡು ಸೀಳಾಗಿ, ಹೆಣೆಯಲು ಬಿಚ್ಚಿದ ಜಡೆಯಂತೆ ತಿರುಚಿಕೊಂಡಿದ್ದವು. ನಡುವೆ ಒಂದೊಂದು ಕೂದಲೆಳೆ ನಿಂತಿತ್ತು. ಚಿತ್ರದಲ್ಲಿ ಗೆರೆಯಾಗಿ ಬರೆದ ಆ ನಡುಗಂಬವನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದೆ. ನೋಡಿ ಪ್ರಯೋಜನವಿರಲಿಲ್ಲ. ಪ್ರೊಫೆಸರು ಕೇಳಿದ್ದು ಜೀವಂತ ಗಿಡ. ಇಲ್ಲಿ ತಾಯಿ ಸತ್ತು, ಮಗು ಬಿರಿದು ನಿಂತಿತ್ತು.

ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ನಿಂತಳು. ದೊಡ್ಡಪ್ಪ ಒಳಗೆ ಹೋದದ್ದನ್ನು ಖಚಿತ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದಳು.

“ಆ ಬಾಳೆಗರಿ ಎತ್ತು ನೋಡವಾ.”

ಕಾಲುವೆಯ ಕೊನೆಯಲ್ಲಿ ಒಣಗಿದ ಬಾಳೆಗರಿಯೊಂದು ಬಿದ್ದಿತ್ತು. ಎತ್ತಿದೆ. ಅದರಡಿ ಎರಡು ಅಂಗೈಯಷ್ಟು ಅಗಲ ಮಣ್ಣು ಒದ್ದೆಯಾಗಿತ್ತು. ಬಿಲ್ಲೆಗಳು ಕೊಬ್ಬಿ ಹೊಳೆಯುತ್ತಿದ್ದವು. ಅವುಗಳ ಮೇಲೆ ಹಸಿರು ಕೊಂಬಿನ ಕಾಡು. ಬುಡ ಎಳೆ ಹಸಿರು, ನಡು ಹಳದಿ, ತುದಿ ಕಂದು, ಕೆಲವು ಆಗಷ್ಟೇ ಬಾಯಿಬಿಡುತ್ತಿದ್ದವು.

“ದಿನಾ ಒಂದ್ ಬೊಗಸೆ ತಳೀತಿದ್ದೆ,” ಎಂದಳು. “ಅವ್ವನ ತಲೆ ಮ್ಯಾಲೆ ಮಗ ನಿಲ್ತಾನೆ ಅಂದ್ಯಲ್ಲ, ನಿಲ್ತಾನೋ ಇಲ್ವೋ ನೋಡವಾ ಅಂತ. ನಿಮ್ಮ ದೊಡ್ಡಪ್ಪಂಗೆ ಹೇಳ್ಬ್ಯಾಡ. ಕಾಗದದ ಮಾತು ಮೀರಿದ್ಲು ಅಂತಾರೆ.”

“ಬುಡದಲ್ಲಿ ಬೆಳೆದದ್ದು ನೋಡಿದ್ಯಾ?”

“ಸುಣ್ಣದ ಚುಕ್ಕೆ ಇಟ್ಟು ನೋಡ್ದೆ. ಕೆಳಗಿಟ್ಟ ಚುಕ್ಕೆ ಮ್ಯಾಲೆ ಮ್ಯಾಲೆ ಹೋಯ್ತು.” ಅವಳು ಒಂದು ಕೊಂಬನ್ನು ತೋರಿಸಿದಳು. ಅರ್ಧ ಎತ್ತರದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇತ್ತು. ಎಂ.ಎಸ್ಸಿ. ಮಾಡಿದ ನನಗೆ ಆ ಉಪಾಯ ಎಂದೂ ಹೊಳೆದಿರಲಿಲ್ಲ. ಪುಸ್ತಕದಲ್ಲಿ ಬರೆದದ್ದನ್ನು ನಾನು ನಂಬಿದ್ದೆ, ಅಷ್ಟೇ.

ಮಣ್ಣಿನ ಸಮೇತ ಎತ್ತಬೇಕಿತ್ತು. ಸನಿಕೆ ದಪ್ಪವಾಯಿತು, ಚಾಕು ಕಿರಿದಾಯಿತು. ಕೊನೆಗೆ ಅಡುಗೆಮನೆಯಿಂದ ದೋಸೆ ಮಗುಚುವ ಕೈ ತಂದುಕೊಟ್ಟಳು. ದೋಸೆ ಎಬ್ಬಿಸಿದಂತೆ ಎಬ್ಬಿಸಿ ಡಬ್ಬದೊಳಗೆ ಕೂರಿಸಿದೆ. ಸೋಮವಾರ ಅವಳು ಉಳಿದದ್ದನ್ನೆಲ್ಲ ಬೂದಿ ಹಾಕಿ ಉಜ್ಜಿದಳೆಂದು ಆಮೇಲೆ ಗೊತ್ತಾಯಿತು.

ಹಬ್ಬ ಕಳೆದ ವಾರ ಪೂರಕ ಪರೀಕ್ಷೆ. ಎಕ್ಸ್‌ಟರ್ನಲ್ ವಯಸ್ಸಾದವರು, ನಗದ ಮುಖ. ಮೇಜುಗಳನ್ನು ಒಂದೊಂದಾಗಿ ನೋಡಿಕೊಂಡು ಬಂದು ನನ್ನ ಗಿಡವಿದ್ದ ತಟ್ಟೆಯ ಮುಂದೆ ನಿಂತರು. ಮಸೂರ ಇಟ್ಟರು. ಎತ್ತಿದರು. ಮತ್ತೆ ಇಟ್ಟರು. ದೀಪದ ಶಾಖಕ್ಕೆ ಒಂದು ಕೊಂಬಿನ ಸೀಳುಗಳು ಒಣಗುತ್ತ ಮೆಲ್ಲಗೆ ತಿರುಚಿಕೊಂಡು, ಕಪ್ಪು ಧೂಳು ಬಿಳಿ ಪಿಂಗಾಣಿಯ ಮೇಲೆ ಉದುರಿತು.

“ಮಿಸುಕ್ತಾ ಇದೆ ಕಣ್ರೀ,” ಎಂದು ತಮಗೇ ಹೇಳಿಕೊಂಡರು. ನಕ್ಕರು ಕೂಡ. “ಎಲ್ಲೀದು ಇದು?”

ನಾನು ಬಾಯಿ ತೆರೆದೆ. ಪ್ರೊಫೆಸರು ಮೊದಲು ಮಾತಾಡಿದರು.

“ನಂದಿಬೆಟ್ಟದ್ದು. ನಾವು ಯಾವಾಗಲೂ ಅಲ್ಲಿಂದಲೇ ತರಿಸೋದು.”

ಹೇಳಿ ನನ್ನ ಕಡೆ ತಿರುಗಿದರು, ಕನ್ನಡಕದ ಮೇಲಿನಿಂದ. ನನ್ನ ತೆರೆದ ಬಾಯಿ ಇನ್ನೂ ತೆರೆದೇ ಇತ್ತು. ದೇವರಿಗೂ ಪುರಾವೆ ಕೇಳುತ್ತಿದ್ದವನು, ಜಾತಕ ನೋಡುವವರ ಜೊತೆ ಬಸ್ಸಿನಲ್ಲಿ ಜಗಳ ಕಾಯುತ್ತಿದ್ದವನು, ಆಕಳಿಸಿದಂತೆ ಮಾಡಿ ಬಾಯಿ ಮುಚ್ಚಿದೆ. ಸಂಜೆ ಹೊಸ ಸೀಸೆಗೆ ಚೀಟಿ ಬರೆದದ್ದೂ ನನ್ನ ಕೈಯೇ. ‘ಸ್ಥಳ: ನಂದಿಬೆಟ್ಟ.’

ದಸರೆಗೆ ಮನೆಗೆ ಕಳಿಸಲಿಲ್ಲ. ಇನ್ನೊಂದು ವರ್ಷ ಮುಂದುವರಿಸಿದರು. ಖಾಯಂ ಮಾಡುವುದು ಪ್ರೊಫೆಸರ ವರದಿ ನೋಡಿ ಎಂದರು. ವರ್ಷ ಉರುಳಿತು. ಮಳೆಗಾಲ ಬಂತು. ಆಗ ಪ್ರೊಫೆಸರು ಹುಡುಗರನ್ನೆಲ್ಲ ಕರೆದುಕೊಂಡು ನಂದಿಬೆಟ್ಟಕ್ಕೆ ಹೋಗೋಣ, ಕೊಂಬುಪಾಚಿಯನ್ನು ಅದು ಬೆಳೆಯುವಲ್ಲೇ ತೋರಿಸೋಣ ಎಂದು ನೋಟಿಸು ಹಾಕಿಸಿದರು. ತಾವು ಹೇಳಿದ ಸುಳ್ಳನ್ನು ಅವರು ಆಗಲೇ ನಂಬಿಬಿಟ್ಟಿದ್ದರೆಂದು ನನಗೆ ಅನ್ನಿಸಿತು. ಅಲ್ಲಿ ಅದು ಸಿಗದಿದ್ದರೆ ಮುಖಭಂಗ ಅವರದು, ವರದಿ ನನ್ನದು.

ಊರಿಗೆ ಹೋಗಿ ದೊಡ್ಡಮ್ಮನ ಮುಂದೆ ಎಲ್ಲ ಒಪ್ಪಿಸಿದೆ. ಚಪ್ಪಡಿ ಹಳೆಯ ಜಾಗಕ್ಕೆ ಬಂದಿತ್ತು, ಕಾಲುವೆಯ ದಡ ಮತ್ತೆ ಹಸಿರಾಗಿತ್ತು. ಹೋದ ವರ್ಷ ಉದುರಿದ ಬೀಜಕಣದ ಧೂಳು ಬೂದಿಗೆ ಸೋತಿರಲಿಲ್ಲ.

“ನನ್ನ ಬಚ್ಚಲು ಬೆಟ್ಟ ಹತ್ತಿತಾ?” ಎಂದಳು.

“ಸುಳ್ಳು ದೊಡ್ಡಮ್ಮ. ನಾನೇ ಬರೆದದ್ದು. ನಿಜ ಹೇಳಿಬಿಡ್ಲಾ ಅಂತ ಯೋಚಿಸ್ತಿದ್ದೀನಿ.”

“ಯಾರಿಗೆ ಹೇಳ್ತೀಯಾ? ನಾನು ಊರೂರಿಗೆ ನಿನಗೆ ಹೆಣ್ಣು ಹುಡುಕ್ತಾ ಇವ್ನಿ. ಬಚ್ಚಲಾಗೆ ಸಿಕ್ಕಿದ ಕೆಲಸ ಅಂದ್ರೆ ಯಾರ್ಲಾ ಕೊಡ್ತಾರೆ? ಬೆಟ್ಟದ್ದು ಅಂತಾನೇ ಇರ್ಲಿ.” ಸ್ವಲ್ಪ ಯೋಚಿಸಿದಳು. “ಸುಳ್ಳು ಅಂತ ಯಾಕೆ ಕೊರಗ್ತೀಯ? ಒಂದ್ ಹೆಂಟೆ ಎತ್ಕಂಡೋಗಿ ಅಲ್ಲಿ ನೆಟ್ಟುಬಿಡು. ನಿಜ ಆಗ್ತದೆ.”

ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವರಿಂದಲೂ ನಾನು ಇಷ್ಟು ನೇರವಾದ ವಾದ ಕೇಳಿರಲಿಲ್ಲ. ಪ್ರವಾಸದ ದಿನ ಬೆಳಗಿನ ಮೊದಲ ಬಸ್ಸಿಗೆ, ಹುಡುಗರಿಗಿಂತ ಮೂರು ಗಂಟೆ ಮುಂಚೆ, ಡಬ್ಬ ಹಿಡಿದು ಬೆಟ್ಟ ಹತ್ತಿದೆ. ಬಂಡೆಯ ಸಂದಿಯಲ್ಲಿ ನೀರು ಜಿನುಗುವ ಜಾಗ ಹುಡುಕಿ, ಮಣ್ಣು ಕೆದಕಿ, ಹೆಂಟೆಯನ್ನು ಒತ್ತಿ, ಸುತ್ತ ತರಗೆಲೆ ಉದುರಿಸಿ, ಎರಡು ಹೆಜ್ಜೆ ಹಿಂದೆ ಬಂದು ನೋಡಿದೆ. ಯುಗಯುಗದಿಂದ ಅಲ್ಲೇ ಇದ್ದ ಹಾಗಿತ್ತು. ಆಮೇಲೆ ಕೆಳಗಿಳಿದು ಟೀ ಕುಡಿದು, ಆಗತಾನೆ ಬಂದವನಂತೆ ಹುಡುಗರ ಬಸ್ಸಿನ ಹತ್ತಿರ ನಿಂತೆ.

ಹನ್ನೊಂದರ ಸುಮಾರಿಗೆ ಒಬ್ಬ ಹುಡುಗಿ ಅದನ್ನು ಕಂಡುಹಿಡಿದಳು. ಎಲ್ಲರೂ ಸುತ್ತುವರಿದರು. ಪ್ರೊಫೆಸರು ನಿಧಾನವಾಗಿ ಬಂದು, ಪ್ಯಾಂಟು ಎತ್ತಿಕೊಂಡು ಕುಕ್ಕರಿಸಿ, ತಾಯಿಯ ಮೈ, ಮಗುವಿನ ಪಾದ, ಬುಡದ ಬೆಳವಣಿಗೆ, ತುದಿಯ ಸೀಳು, ನೀಲಿ ಬಾಡಿಗೆದಾರರು ಎಲ್ಲವನ್ನೂ ಚೆಂದವಾಗಿ ವಿವರಿಸಿದರು. ಹುಡುಗರು ಬರೆದುಕೊಂಡರು. ಕೊನೆಗೆ ಎಲ್ಲರನ್ನೂ ಊಟಕ್ಕೆ ಕಳಿಸಿ, “ನೀವಿರಿ,” ಎಂದರು ನನಗೆ.

ನಾನು ನಿಂತೆ. ವರದಿ ಎಲ್ಲಿ ಬರೆಯಲಾಗುತ್ತದೆ ಎಂಬುದು ನನಗೆ ಆಗ ಸ್ಪಷ್ಟವಾಯಿತು. ಕಾಲೇಜಿನಲ್ಲಲ್ಲ, ಈ ಬಂಡೆಯ ಮೇಲೆ.

ಅವರು ಪೆನ್ನಿನ ಹಿಂಬದಿಯಿಂದ ಹೆಂಟೆಯ ಅಂಚನ್ನು ಕೆದಕಿದರು. ಏನೋ ಹೊರಬಂತು. ಬೆರಳ ತುದಿಯಲ್ಲಿ ಅದನ್ನು ಒರೆಸಿ, ಬೆಳಕಿಗೆ ಹಿಡಿದು, ನನ್ನ ಅಂಗೈಗೆ ಹಾಕಿದರು. ಹುಣಸೆ ಬೀಜ. ದೊಡ್ಡಮ್ಮ ಹಿತ್ತಾಳೆ ಚೊಂಬುಗಳನ್ನು ಹುಣಸೆಹಣ್ಣು ಹಾಕಿ ಬೆಳಗುವುದು ಆ ಚಪ್ಪಡಿಯ ಮೇಲೆಯೇ ಎಂಬುದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

“ಬಂಡೆ ಮೇಲೆ ಹುಣಸೆ,” ಎಂದರು ಪ್ರೊಫೆಸರು. “ಬೂದಿ ಬೇರೆ ಇದೆ. ಬೆಟ್ಟದಲ್ಲಿ ಯಾರೋ ಪಾತ್ರೆ ತೊಳೀತಾರೆ ಅಂತ ಕಾಣುತ್ತೆ.”

“ಇರಬಹುದು ಸಾರ್.”

ಅವರು ಎದ್ದು ಮಂಡಿಯ ಮಣ್ಣು ಕೊಡವಿಕೊಂಡರು. ದೂರದಲ್ಲಿ ಹುಡುಗರು ಪುಳಿಯೋಗರೆಯ ಪೊಟ್ಟಣ ಬಿಚ್ಚುತ್ತಿದ್ದರು.

“ಸೋಮವಾರ ಬೆಳಗ್ಗೆ ನನ್ನ ರೂಮಿಗೆ ಬನ್ನಿ. ನಿಮ್ಮ ವರದಿಗೆ ಸಹಿ ಹಾಕಬೇಕು,” ಎಂದರು. ಎರಡು ಹೆಜ್ಜೆ ಹೋಗಿ ತಿರುಗಿದರು. “ಮುಂದಿನ ವರ್ಷ ಮಣ್ಣು ತೊಳ್ಕೊಂಡು ತನ್ನಿ.”

ತೊಳೆದೇ ತಂದೆ.